ಡಿಕ್ಕಿ ತೆಗೀರಿ

"ಸೆರಗು ಜಾಡಿಸು. ಸರಿಯಾಗಿ ಜಾಡಿಸು ಮಾರಾಯ್ತಿ, ಒಳಗೆ ಎಂತ ಉಂಟು ಅಂತ ನಮಗೆ ಗೊತ್ತಾಗ್ಬೇಕಲ್ಲ?"

ಕದ್ರಿಯ ಆ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಸೆಕ್ರೆಟರಿ ಕಜೆಟನ್ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಕಾರು ತೊಳೆಯುವ ಅಕ್ಕು ಒದ್ದೆ ಸೆರಗನ್ನು ಬಿಚ್ಚಿ ಜಾಡಿಸಿದಳು. ಖಾಲಿ ಬುತ್ತಿಯ ಮುಚ್ಚಳ ತೆಗೆದು ತೋರಿಸಿದಳು. ಕಜೆಟನ್ ಅದನ್ನು ಮುಟ್ಟದೆ, ಪೆನ್ನಿನ ತುದಿಯಿಂದ ಆಚೆ ಸರಿಸಿ, ಹೋಗು ಎಂದರು.

ಎರಡನೇ ಮಹಡಿಯ ಲತೇಶನ ಹೊಸ ಕಾರಿನ ಎರಡೂ ಪಕ್ಕದ ಕನ್ನಡಿಗಳನ್ನು ಯಾರೋ ಕಿತ್ತುಕೊಂಡು ಹೋದಂದಿನಿಂದ ಇದು ಶುರುವಾಗಿತ್ತು. ಆಮೇಲೆ ಇನ್ನೊಂದು ಕಾರಿನ ವೀಲ್ ಕ್ಯಾಪ್‌ಗಳೂ ಹೋದವು. ಅಸೋಸಿಯೇಷನ್‌ನವರು ಸೇರಿ, ಚಾ ಕುಡಿದು, ತೀರ್ಮಾನ ಮಾಡಿದರು. ಕನ್ನಡಿಗಳ ಮೇಲೆ ಕಾರಿನ ನಂಬರ್ ಕೊರೆಸುವುದು, ಚಕ್ರಗಳಿಗೆ ಬೀಗದ ಬೋಲ್ಟು ಹಾಕಿಸುವುದು, ಹೊದಿಸುವ ಕವರಿಗೂ ಬೀಗ. ಮತ್ತೆ, ಕೆಲಸದವರು ಹೋಗುವಾಗ ತಪಾಸಣೆ. ಅಡುಗೆಯವರಿದ್ದರು, ಮಕ್ಕಳಿಗೆ ಪಾಠ ಹೇಳಲು ಬರುವವರಿದ್ದರು. ಕುರ್ಚಿಯೆದುರು ನಿಲ್ಲುತ್ತಿದ್ದವಳು ಮಾತ್ರ ಅಕ್ಕು ಒಬ್ಬಳೇ. ಕೊಟ್ಟಾರದ ಯಾವ ಕಾಲೊನಿಯಿಂದ ಅವಳು ಬರುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು.

ಅಷ್ಟು ದೊಡ್ಡ ಕನ್ನಡಿ ಸೆರಗಲ್ಲಿ ನಿಲ್ಲುತ್ತದಾ ಎಂದು ಒಮ್ಮೆ ಕೇಳಿದ್ದಳು.

"ನಿಮ್ಮ ಜನ ಎಂತದನ್ನು ಎಲ್ಲಿ ಅಡಗಿಸ್ತೀರಿ ಅಂತ ದೇವರಿಗೂ ಗೊತ್ತಾಗುದಿಲ್ಲ, ಬೇವರ್ಸಿಗಳು," ಎಂದಿದ್ದ ಲತೇಶ್. ಅಕ್ಕು ಬುತ್ತಿ ಎತ್ತಿಕೊಂಡು ಹೊರಟಿದ್ದಳು. ಈ ಕೆಲಸ ತಪ್ಪಿದರೆ ಬೇರೆ ಕಡೆಯೂ ಇದೇ ಕುರ್ಚಿ ಎಂದು ಅವಳಿಗೆ ಗೊತ್ತಿತ್ತು.

ಅವಳಿಗೆ ಜ್ವರ ಬಂದಾಗ ಬಟ್ಟೆ ಅಂಗಡಿಯಲ್ಲಿ ದುಡಿಯುವ ಮಗಳು ದೀಕ್ಷಿತಾ ತನ್ನ ರಜೆಯ ದಿನ ಬದಲಿಗೆ ಹೋದಳು. ಮಧ್ಯಾಹ್ನ ಬಂದವಳು ಉಣ್ಣಲಿಲ್ಲ. ಹಾಕಿಕೊಂಡಿದ್ದ ಚೂಡಿದಾರವನ್ನು ಸೋಪಿನ ನೀರಿಗೆ ಹಾಕಿ ಗೋಡೆಗೆ ಮುಖ ಮಾಡಿ ಮಲಗಿದಳು. ಎಂತ ಆಯ್ತು ಎಂದು ಕೇಳಿದರೆ ಎಂತದೂ ಇಲ್ಲಮ್ಮ ಎಂದಳು.

ಜ್ವರ ಬಿಟ್ಟ ಮೇಲೆ ಅಕ್ಕು ಕೆಲಸಕ್ಕೆ ಹೋದಾಗ ವಾಚ್‌ಮನ್ ಉಮರಬ್ಬ ನೆಲ ನೋಡುತ್ತ ಹೇಳಿದ. ಮಗಳ ಶಾಲು ತೆಗೆಸಿದರು. ಎರಡೂ ಕೈ ಮೇಲೆತ್ತಿ ತಿರುಗು ಎಂದರು. ಲತೇಶ್ ಅದನ್ನು ಮೊಬೈಲಿನಲ್ಲಿ ಹಿಡಿದು, ಸೇಫ್ಟಿಗೆ ಇರಲಿ ಎಂದು ಇಡೀ ಅಪಾರ್ಟ್‌ಮೆಂಟಿನ ಗ್ರೂಪಿಗೆ ಹಾಕಿದ.

"ನಾನು ಇಲ್ಲೇ ನಿಂತಿದ್ದೆ ಅಕ್ಕು. ನನಗೆ ಬಾಯಿ ಬರ್ಲಿಲ್ಲ."

ಅಕ್ಕು ಅವತ್ತು ಒಂದು ಕಾರನ್ನೂ ತೊಳೆಯಲಿಲ್ಲ. ಆಫೀಸಿನ ಹೊತ್ತಾಗಿ ಕೆಳಗೆ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಇಂಜಿನ್‌ಗಳ ಸದ್ದು ಕೇಳತೊಡಗಿದಾಗ ಗೇಟನ್ನು ಎಳೆದು ಮುಚ್ಚಿ, ಬಕೆಟನ್ನು ಬೋರಲು ಹಾಕಿ, ಕಾರುಗಳು ಮೇಲೆ ಬರುವ ದಾರಿಯ ನಟ್ಟನಡುವೆ ಕೂತಳು.

ಮೊದಲು ಬಂದದ್ದು ಲತೇಶನ ಕಾರು. ಹಾರ್ನ್ ಹೊಡೆದ. ಗಾಜು ಇಳಿಸಿ ಬೈದ.

"ಡಿಕ್ಕಿ ತೆಗೀರಿ," ಎಂದಳು ಅಕ್ಕು.

"ಎಂತ?"

"ಕದ್ದ ಮಾಲು ಹೊರಗೆ ಹೋಗುದು ಬುತ್ತಿಯಲ್ಲಿ ಅಲ್ಲ, ಕಾರಲ್ಲಿ. ನನ್ನ ಮಗಳನ್ನು ತಿರುಗಿಸಿ ನೋಡಿದ್ರಲ್ಲ? ಇವತ್ತು ಒಂದೊಂದೇ ಕಾರು ಡಿಕ್ಕಿ ತೆಗೆದು ತೋರಿಸಿ ಹೋಗ್ಲಿ."

ಕಜೆಟನ್ ಓಡಿ ಬಂದರು. ಪೊಲೀಸರನ್ನು ಕರೆಯುತ್ತೇನೆ ಎಂದರು.

"ಕರೀರಿ ಸರ್. ಆ ವಿಡಿಯೋನೂ ಅವರಿಗೆ ತೋರಿಸಿ."

ಕಜೆಟನ್ನರ ಕೈಯಲ್ಲಿದ್ದ ಫೋನು ಹಾಗೆಯೇ ಉಳಿಯಿತು. ಅವಳನ್ನು ಎಳೆದು ಹಾಕು ಎಂದು ಉಮರಬ್ಬನಿಗೆ ಹೇಳಿದರು. ಅವನು ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟ. ಹಿಂದೆ ಕಾರುಗಳು ಸಾಲುಗಟ್ಟಿ ಕೂಗುತ್ತಿದ್ದವು. ಅದರ ನಡುವೆ ಎಲ್ಲೋ ಒಂದು ಡಿಕ್ಕಿ ತೆರೆದ ಸದ್ದಾಯಿತು. ಮೇಲಿನ ಮಹಡಿಯ ಡುಲ್ಸಿನ್ ಟೀಚರ್ ಕಾರಿನಿಂದಿಳಿದು ಡಿಕ್ಕಿಯ ಬಾಗಿಲು ಎತ್ತಿ ಪಕ್ಕದಲ್ಲಿ ನಿಂತಿದ್ದರು, ಯಾರ ಮುಖವನ್ನೂ ನೋಡದೆ.

ಲತೇಶ್ ಕಾರಿನೊಳಗಿನ ಕನ್ನಡಿಯಲ್ಲಿ ಅದನ್ನು ಕಂಡ. ಗಾಜು ಏರಿಸಿಕೊಂಡ. ಕಾರು ಗುರುಗುಟ್ಟುತ್ತ ತೆವಳಿ ಬಂದು, ನಂಬರ್ ಪ್ಲೇಟು ಅಕ್ಕುವಿನ ಮಂಡಿಗೆ ತಾಗಿತು. ಇಂಜಿನ್ನಿನ ಬಿಸಿ ಮುಖಕ್ಕೆ ಹೊಡೆಯಿತು. ಅವಳು ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲೆ ಊರಿದಳು. ಕಾರು ಇನ್ನೊಂದು ಗೇಣು ಮುಂದೆ ಬಂತು; ಅವಳು ಕೂತಿದ್ದ ಬಕೆಟ್ ನೆಲ ಉಜ್ಜುತ್ತ ಹಿಂದೆ ಸರಿಯಿತು.

ಅಕ್ಕು ಏಳಲಿಲ್ಲ.