ಬರಿಯ ಮೂವತ್ತು

ವೈಟ್ಟಿಲದ ಸಿಗ್ನಲ್ಲಿನಲ್ಲಿ ಕಂಪನಿ ಕ್ಯಾಬು ನಿಂತೇ ಇದೆ, ಪಕ್ಕದ ಬಸ್ಸಿನ ಕಿಟಕಿಗೆ ಕೆನ್ನೆ ಒತ್ತಿ ಒಬ್ಬ ನಿದ್ದೆ ಹೋಗಿದ್ದಾನೆ, ಪುಣ್ಯವಂತ, ಇಂದುಮತಿಗೂ ಹಾಗೇ ಒರಗಬೇಕು ಅನ್ನಿಸುವಷ್ಟರಲ್ಲಿ ಮೊಬೈಲಿಗೆ ಮೆಸೇಜು, ತಿರುವನಂತಪುರದ ಆಸ್ಪತ್ರೆಯಿಂದ ಜುಬೈದಾ, ಔಷಧ ಪರೀಕ್ಷೆಯ ನರ್ಸು, ಕಾಸರಗೋಡಿನವಳು — ಅಕ್ಕ, ನಿಮ್ಮ ಪಟ್ಟಿಯಲ್ಲಿ ಮೂರು ವರ್ಷದ ಮಗುವಿಗೆ ಮೂವತ್ತು ಕಿಲೋ ಉಂಟು, ಮನೆಯಲ್ಲಿ ದಿನಾ ಬಿರಿಯಾಣಿಯೇ ಕೊಡುವುದಾ ಎಂತ — ನಗು ಬಂತು, ನಗುವುದಕ್ಕೂ ಆಯಾಸ, ತೂಕ ನೋಡಿ ಡೋಸು ಹೇಳುವ ಆ ಪಟ್ಟಿ ನಿನ್ನೆ ಇವಳ ಕಾಕ್ಕನಾಡಿನ ಆಫೀಸಿನಿಂದ ಹೋದದ್ದು, ಪ್ರೋಗ್ರಾಂ ಇವಳದೇ, ಆರ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದದ್ದು, ಅದರಲ್ಲಿ ತೂಕ ಎಂಬ ಹೊಸ ಕ್ಲಾಸು, ಅಂದರೆ ಇವಳೇ ಹುಟ್ಟಿಸಿದ ಹೊಸ ಜಾತಿಯ ಸಂಖ್ಯೆ, ಭಾಷೆಯೊಳಗೆ ಮೊದಲೇ ಇರುವ ಸಂಖ್ಯೆಯ ಮಗಳು, ಅಪ್ಪನ ಕೂಡುವುದು ಕಳೆಯುವುದೆಲ್ಲ ಪುಕ್ಕಟೆ ಬಂತು, ಇವಳು ಹೊಲಿದದ್ದು ಒಂದು ಜೇಬು ಮಾತ್ರ, ಕಿಲೋ ಅಥವಾ ಪೌಂಡು ಎಂಬ ಚೀಟಿ ಇಡಲಿಕ್ಕೆ, ಯಾಕೆಂದರೆ ಆ ಮಕ್ಕಳ ವಾರ್ಡಿಗೆ ಯಾರೋ ದಾನ ಕೊಟ್ಟ ತೂಕದ ಯಂತ್ರ ಪೌಂಡಿನಲ್ಲೇ ಮಾತಾಡುತ್ತದೆ — ಕೂಡಿದರೆ ಜೇಬು ಉಳಿಯುತ್ತದೆ, ಪಟ್ಟಿಯಿಂದ ನಾಲ್ಕು ಸಾಲು ಬೇರೆ ತೆಗೆದರೆ ಚೀಟಿ ಸಮೇತ ಉದುರುತ್ತದೆ, ಭಾಷೆ ಕೆಮ್ಮುವುದೂ ಇಲ್ಲ, ಬರಿಯ ಸಂಖ್ಯೆಯನ್ನು ಕೈಗಿಟ್ಟು ಸುಮ್ಮನಾಗುತ್ತದೆ, ಸಾಲು ತೆಗೆಯೋದಕ್ಕೂ ಯೂನಿಟ್ ಉಳಿಯೋ ಹಾಗೆ ನಮ್ಮದೇ ಮೆಥಡ್ ಬರೀಬೇಕು ವಿನಯ್ ಅಂದಿದ್ದಳು ಇವಳು, ವಿನಯ್ ಟೀಮಿನ ಯಜಮಾನ, ಮೊನ್ನೆ ಮೊನ್ನೆ ಮೀಸೆ ಬಂದವನು, ಅಯ್ಯೋ ಮೇಡಂ, ಕೊನೆಗೂ ಅದು ನಂಬರ್ ತಾನೇ, ಅಪ್ಪನ ಥರಾನೇ ನಡ್ಕೊಳ್ಳುತ್ತೆ ಬಿಡಿ, ಮುಂದಿನ ತಿಂಗಳು ನೋಡೋಣ, ಇವಳು ಬಿಟ್ಟಳು, ಈ ವಯಸ್ಸಿನಲ್ಲಿ ಬಿಡುವುದೇ ಸುಲಭ, ಚೀಟಿಯಿಲ್ಲದ ಸಂಖ್ಯೆ ಸಿಕ್ಕಿದರೆ ಕಿಲೋ ಎಂದೇ ತಿಳಿ ಅಂತ ಪ್ರೋಗ್ರಾಮಿನ ಕೆಳಗೆ ಬರೆದವಳೂ ಇವಳೇ, ಇಷ್ಟು ದಿನ ರೋಗಿಗಳೆಲ್ಲರೂ ದೊಡ್ಡವರು, ಎಲ್ಲವೂ ಕಿಲೋ, ಮಕ್ಕಳ ಸಾಲುಗಳನ್ನು ಬೇರೆ ತೆಗೆದದ್ದು ನಿನ್ನೆಯೇ ಮೊದಲು — ಮೂವತ್ತು, ಅದು ಪೌಂಡು, ಹದಿಮೂರೂವರೆ ಕಿಲೋದ ಮಗು, ಡೋಸು ಎರಡರಷ್ಟಕ್ಕೂ ಹೆಚ್ಚು — ಜುಬೈದಾಳ ನಂಬರು ಒತ್ತುತ್ತಾಳೆ, ರಿಂಗಾಗುತ್ತದೆ, ಜುಬೈದಾ, ಯಾವ ಮಗುವಿಗೂ ಔಷಧಿ ಕೊಡಬೇಡ, ಪಟ್ಟಿ ತಪ್ಪಾಗಿದೆ ಕಣೇ, ಆಚೆಯಿಂದ ಅವಳು — ಉಳಿದವರಿಗೆ ಕೊಡಲಿಲ್ಲ ಅಕ್ಕ, ಇದಕ್ಕೆ ಮಾತ್ರ ಈಗಷ್ಟೇ ಕುಡಿಸಿದ್ದು, ತಮಾಷೆ ಅಂತಲೇ ನಾನು ನಿಮಗೆ ಬರೆದದ್ದು, ಸ್ಟ್ರಾಬೆರಿ ರುಚಿ ಅಲ್ಲವಾ, ಚಮಚ ನೆಕ್ಕಿತು, ಫೋನು ಇಡಿ, ಡಾಕ್ಟರನ್ನು ಕರೀತೇನೆ — ಹಿಂದಿನಿಂದ ಹಾರ್ನು, ಸಿಗ್ನಲ್ಲು ಹಸಿರು, ಕ್ಯಾಬು ಹೊರಟಿತು, ಆಫೀಸಿಗೆ ಹೋದ ಕೂಡಲೇ ವಿನಯ್‌ಗೆ, ಚಮಚ, ಮೊದಲು ಆ ಮೆಥಡ್ ಬರೆದು, ಚಮಚ ನೆಕ್ಕಿತು, ಎಲ್ಲ ಪಟ್ಟಿ ವಾಪಸ್ಸು ತರಿಸಿ, ಚಮಚ, ಗುಲಾಬಿ ಬಣ್ಣದ ಪುಟ್ಟ ನಾಲಗೆ, ಇನ್ನೂ ಬೇಕು ಅಂತ ಚಾಚಿಕೊಂಡೇ ಇರುವ ನಾಲಗೆ.