ಖಾಲಿ ಗೆರೆಯ ಮೇಲಿನ ಹೆಸರು

ಕುವೈತಿನ ಹವಲ್ಲಿಯ ಆ ಹಳೆಯ ಕಟ್ಟಡದಲ್ಲಿ ಕುಬ್ಬೂಸ್ ರೊಟ್ಟಿಗೆ ಬರವಿತ್ತು, ಅಧ್ಯಕ್ಷರಿಗೆ ಬರವಿರಲಿಲ್ಲ.

ಅದು ತೊಂಬತ್ತನೇ ಇಸವಿಯ ಸೆಪ್ಟೆಂಬರ್ ತಿಂಗಳು. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿ ತಿಂಗಳಾಗಿತ್ತು. ಬೀದಿಯ ಮೂಲೆಮೂಲೆಯಲ್ಲಿ ಬಂದೂಕು ಹಿಡಿದವರು ನಿಂತಿದ್ದರು. ಬೇಕರಿಯ ಮುಂದೆ ಬೆಳಗಾಗುವ ಮೊದಲೇ ಸಾಲು. ಅಲ್ಲಿದ್ದ ನಮ್ಮ ಕಡೆಯವರು ಊರಿಗೆ ಹೋಗಬೇಕೆಂದರೆ ಬಸ್ಸು ಹತ್ತಿ, ಇರಾಕ್ ದಾಟಿ, ಜೋರ್ಡಾನಿನ ಗಡಿ ಮುಟ್ಟಿ, ಅಲ್ಲಿಂದ ವಿಮಾನ ಹಿಡಿಯಬೇಕು. ಬಸ್ಸು ಗೊತ್ತುಮಾಡುವವರು ಒಂದೇ ಮಾತು ಹೇಳಿಕಳಿಸಿದ್ದರು: "ಬಿಲ್ಡಿಂಗಿಗೆ ಒಬ್ಬ ಅಧ್ಯಕ್ಷ ಇರ್ಲಿ. ಯಾರು ಮೊದಲು, ಯಾರು ಆಮೇಲೆ ಅಂತ ಅವರೇ ಹೇಳ್ಲಿ. ಎಲ್ಲರೂ ಬಂದು ಬೊಬ್ಬೆ ಹಾಕಿದ್ರೆ ಬಸ್ಸು ಖಲಾಸ್."

ಅಷ್ಟು ಸಾಕಾಯಿತು. ಮರುದಿನವೇ ಇಬ್ಬರು ಇಸ್ತ್ರಿ ಮಾಡಿದ ಶರಟು ತೊಟ್ಟು ವೋಟು ಕೇಳುತ್ತಾ ಮೆಟ್ಟಿಲು ಹತ್ತಿ ಇಳಿಯತೊಡಗಿದರು. ಒಬ್ಬರು ಹಡಗು ಕಂಪನಿಯ ಮ್ಯಾನೇಜರ್ ಲೋಕನಾಥ. ಇನ್ನೊಬ್ಬರು ರೇಡಿಯೋ, ಟೇಪ್‌ರೆಕಾರ್ಡರ್ ಅಂಗಡಿಯ ಪುತ್ತಬ್ಬ. ಪಾಸ್‌ಪೋರ್ಟ್ ಕೈಯಲ್ಲಿದ್ದವರು ಮೊದಲು ಹೋಗಲಿ ಎಂದು ಲೋಕನಾಥ. ಕಟ್ಟಡಕ್ಕೆ ಬಾಡಿಗೆ ಕಟ್ಟಿದವರು ಮೊದಲು ಹೋಗಲಿ ಎಂದು ಪುತ್ತಬ್ಬ. ಇಬ್ಬರೂ ಕೆಟ್ಟವರಲ್ಲ ಬಿಡಿ. ಆದರೆ ಇಬ್ಬರ ಕಣ್ಣಿಗೂ ನೆಲಮಾಳಿಗೆ ಬಿದ್ದಿರಲಿಲ್ಲ.

ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುವ ಜಾಗದಲ್ಲಿ ಚಾಪೆ ಹಾಸಿಕೊಂಡು ಕೆಲವು ಹೆಂಗಸರಿದ್ದರು. ಎಲ್ಲರೂ ಮನೆಗೆಲಸದವರು. ಅವರಲ್ಲಿ ಒಬ್ಬಳು ಮುಲ್ಕಿ ಕಡೆಯ ರತ್ನಾವತಿ. ಸಲ್ವಾದ ದೊಡ್ಡ ಮನೆಯೊಂದರಲ್ಲಿ ಅಡಿಗೆ ಮಾಡುತ್ತಿದ್ದಳು. ಅವಳನ್ನು ಕೆಲಸಕ್ಕೆ ಕರೆಸಿಕೊಂಡ ಧಣಿ, ಅಲ್ಲಿಯವರ ಮಾತಿನಲ್ಲಿ ಕಫೀಲ್, ಬೇಸಿಗೆಗೆಂದು ಪರದೇಶಕ್ಕೆ ಹೋದವನು ಹೋದಲ್ಲೇ ಉಳಿದಿದ್ದ. ಅವಳ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿ, ಕಪಾಟಿನ ಬೀಗದ ಕೈ ಅವನ ಕಿಸೆಯಲ್ಲಿ. ಅವಳ ಏಳು ವರ್ಷದ ಮಗಳು ಅಶ್ಮಿತಾ ಮುಲ್ಕಿಯಲ್ಲಿ ತಂಗಿಯ ಮನೆಯಲ್ಲಿ. ಲೋಕನಾಥ ಗೆದ್ದರೂ, ಪುತ್ತಬ್ಬ ಗೆದ್ದರೂ ರತ್ನಾವತಿಗೆ ಬಸ್ಸಿನಲ್ಲಿ ಜಾಗವಿಲ್ಲ. ಅಷ್ಟು ಅವಳಿಗೂ ತಿಳಿದಿತ್ತು.

ಅದಕ್ಕೇ ಶಮೀಲಾ ಬಂದು ಚುನಾವಣೆಯ ಮಾತೆತ್ತಿದಾಗ ಅವಳು ಮುಖ ತಿರುಗಿಸಿದಳು. ಶಮೀಲಾ ಜಹ್ರಾದ ಕ್ಲಿನಿಕ್ಕಿನಲ್ಲಿ ನರ್ಸು, ಬಿ.ಸಿ. ರೋಡಿನ ಬ್ಯಾರಿ ಹುಡುಗಿ, ಮಾತಿನಲ್ಲಿ ಗಟ್ಟಿ.

"ರತ್ನಕ್ಕ, ನಾಳೆ ವೋಟು. ಬರ್ತೀರಲ್ಲ?"

"ನಂಗೆಂತ ವೋಟು ಮಾರಾಯ್ತಿ? ಪಾಸ್‌ಪೋರ್ಟೇ ಇಲ್ಲದವಳು ನಾನು. ಇಲ್ಲಿರಲು ಕೊಟ್ಟ ಇಕಾಮಾ ಕಾರ್ಡು ಇದ್ರೂ ಇಲ್ಲದ ಹಾಗೆ."

"ಈ ಬಿಲ್ಡಿಂಗಿನಲ್ಲಿ ಮಲಗುವ ದೊಡ್ಡವರಿಗೆಲ್ಲ ವೋಟುಂಟು. ನಿನ್ನೆ ಮೀಟಿಂಗಿನಲ್ಲಿ ಗಲಾಟೆ ಮಾಡಿ ಒಪ್ಪಿಸಿದ್ದೇನೆ."

"ಆಯ್ತು, ಹಾಕಿದೆ ಅಂತ ಇಟ್ಟುಕೋ. ಯಾರಿಗೆ? ಅವರಿಗೆ ಹಾಕಿದ್ರೂ ನಾನು ಇಲ್ಲೇ, ಇವರಿಗೆ ಹಾಕಿದ್ರೂ ಇಲ್ಲೇ."

ಶಮೀಲಾ ನಕ್ಕಳು. "ಚೀಟಿಯಲ್ಲಿ ಎರಡು ಹೆಸರುಂಟು. ಅದರ ಕೆಳಗೆ ಒಂದು ಖಾಲಿ ಗೆರೆ ಉಂಟು. ಇಬ್ಬರೂ ಬೇಡ ಅಂತಾದ್ರೆ ನಿಮಗೆ ಬೇಕಾದವರ ಹೆಸರು ಅಲ್ಲಿ ಬರೀಬಹುದು. ಈ ಬಿಲ್ಡಿಂಗಿನವರಾದ್ರೆ ಸಾಕು. ಅದೂ ವೋಟೇ. ಬೇರೆಯವರದ್ದಕ್ಕೆ ಎಷ್ಟು ತೂಕವೋ ಅದಕ್ಕೂ ಅಷ್ಟೇ."

"ಯಾರ ಹೆಸರು ಬರೀಲಿ?"

"ಅದು ನಾನು ಹೇಳುದಿಲ್ಲ. ಹೇಳಿದ್ರೆ ಅದು ನನ್ನ ವೋಟಾಗ್ತದೆ. ನಂಗೆ ಒಂದು ಸಾಕು."

ಮರುದಿನ ನೆಲಮಾಳಿಗೆಯ ಒಂದು ಮೂಲೆಯಲ್ಲಿ ಪೈಪಿಗೆ ಹೊದಿಕೆ ಕಟ್ಟಿ ಮರೆ ಮಾಡಿದ್ದರು. ಅದರಾಚೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಒಂದು ಪೆನ್ಸಿಲು. ಹೊರಗೆ ಹಾಲಿನ ಪುಡಿಯ ಖಾಲಿ ಡಬ್ಬಿ ಹಿಡಿದು ಕುಳಿತವರು ಆಂಥೋನಿ, ಹೋಟೆಲೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದವರು. ಅಧ್ಯಕ್ಷರಾಗುವ ಆಸೆ ತನಗಿಲ್ಲ ಎಂದು ಮೊದಲೇ ಹೇಳಿದ್ದರಿಂದ ಎಣಿಕೆಯ ಕೆಲಸ ಅವರ ತಲೆಗೆ ಬಿದ್ದಿತ್ತು.

ರತ್ನಾವತಿ ಹೊದಿಕೆಯಾಚೆ ಹೋಗಿ ನಿಂತಳು. ನಿಂತವಳಿಗೆ ವಿಚಿತ್ರವೆನಿಸಿತು. ಕುವೈತಿಗೆ ಬಂದಂದಿನಿಂದ ಎಷ್ಟು ಹೊತ್ತಿಗೆ ಏಳಬೇಕು, ಯಾವ ಬಾಗಿಲಿನಿಂದ ಒಳಗೆ ಬರಬೇಕು, ಯಾವ ಲೋಟದಲ್ಲಿ ನೀರು ಕುಡಿಯಬೇಕು, ಎಲ್ಲವನ್ನೂ ಬೇರೆಯವರೇ ಹೇಳಿದ್ದರು. ಇಲ್ಲಿ ಹೇಳುವವರು ಯಾರೂ ಇಲ್ಲ. ಹೊರಗೆ ಅಷ್ಟು ಜನ ಅವಳಿಗಾಗಿ ಸುಮ್ಮನೆ ಕಾಯುತ್ತಿದ್ದಾರೆ. ಯಾರೂ ಇಣುಕುತ್ತಿಲ್ಲ, ಅವಸರ ಮಾಡುತ್ತಿಲ್ಲ.

ಅವಳಿಗೆ ನೆನಪಾದದ್ದು ಒಬ್ಬಳೇ. ಮೇಲಿನ ಮಾಳಿಗೆಯಲ್ಲಿ ಮೆಸ್ಸು ನಡೆಸುವ ಅಕ್ಕ. ಗಂಡ ರಜೆಯಲ್ಲಿ ಊರಿಗೆ ಹೋದಾಗಲೇ ಯುದ್ಧ ಬಂದು ಅಕ್ಕ ಒಂಟಿಯಾಗಿದ್ದಳು. ಸಲ್ವಾದಿಂದ ಓಡಿಬಂದ ದಿನ ರತ್ನಾವತಿ ಬಾಗಿಲಲ್ಲಿ ನಿಂತಾಗ ಒಳಗೆ ಜನ ತುಂಬಿದ್ದರು. ಅಕ್ಕ ಅವರನ್ನೆಲ್ಲ ಬಿಟ್ಟು ಮೊದಲ ತಟ್ಟೆ ಇವಳ ಕೈಗೆ ಕೊಟ್ಟಳು. "ಕಡೆಗೆ ಬಂದವರಿಗೆ ಮೊದಲು. ಅವರಿಗೆ ಹಸಿವು ಜಾಸ್ತಿ ಇರ್ತದೆ" ಎಂದಳು. ಅದು ಆ ಮೆಸ್ಸಿನ ಕ್ರಮವೇ ಆಗಿತ್ತು. ಯಾರೂ ಗೊಣಗುತ್ತಿರಲಿಲ್ಲ, ಗೊಣಗಿದವರಿಗೆ ಸಾರು ತೆಳ್ಳಗಾಗುತ್ತಿತ್ತು.

ರತ್ನಾವತಿ ಪೆನ್ಸಿಲು ಹಿಡಿದಳು. ಬೀಡಿ ಕಟ್ಟಲು ಕೂರುವ ಮೊದಲು ನಾಲ್ಕು ಅಕ್ಷರ ಕಲಿತಿದ್ದಳು. ಖಾಲಿ ಗೆರೆಯ ಮೇಲೆ ದುಂಡಗೆ ಬರೆದಳು: ಅಕ್ಕ. ಮಡಚಿ ಡಬ್ಬಿಗೆ ಹಾಕಿದಳು.

ಮಧ್ಯಾಹ್ನ ಎಣಿಕೆ. ಗುಂಪು ಸೇರಿದ್ದು ಸೈನಿಕರಿಗೆ ತಿಳಿಯಬಾರದೆಂದು ನೆಲಮಾಳಿಗೆಯ ಬಾಗಿಲು ಎಳೆದುಕೊಂಡಿದ್ದರು. ಆಂಥೋನಿ ಒಂದೊಂದೇ ಚೀಟಿ ಬಿಡಿಸಿ, ಎಲ್ಲರಿಗೂ ತೋರಿಸಿ, ಗಟ್ಟಿಯಾಗಿ ಓದಿದರು.

"ಲೋಕನಾಥ. ಪುತ್ತಬ್ಬ. ಲೋಕನಾಥ. ಲೋಕನಾಥ."

ಲೋಕನಾಥ ಶರಟಿನ ತೋಳು ಸರಿಮಾಡಿಕೊಂಡರು. ಆಂಥೋನಿ ಮುಂದಿನ ಚೀಟಿ ಬಿಡಿಸಿ, ಕನ್ನಡಕ ಏರಿಸಿ ಓದಿದರು. "ಹರಿಣಾಕ್ಷಿ."

"ಯಾರದು?" ಎಂದು ಯಾರೋ ಕೇಳಿದರು.

ಮತ್ತೊಂದು ಚೀಟಿ. "ಮೆಸ್ಸಿನ ಹರಿಣಾಕ್ಷಿ." ಮತ್ತೊಂದು ಪುತ್ತಬ್ಬರದು. ಅದರ ಹಿಂದೆಯೇ, "ಹರಿಣಾಕ್ಷಿ. ಮತ್ತೊಮ್ಮೆ ಹರಿಣಾಕ್ಷಿ."

ಮೆಸ್ಸಿನ ಅಕ್ಕನ ಹೆಸರು ಅದೆಂದು ರತ್ನಾವತಿಗೆ ಆಗಲೇ ತಿಳಿದದ್ದು. ಆ ಹೆಸರಿಗಾಗಿ ಯಾರೂ ಮೆಟ್ಟಿಲು ಹತ್ತಿರಲಿಲ್ಲ, ಯಾರೂ ಯಾರಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಬರೆದ ಪ್ರತಿಯೊಬ್ಬರೂ ತಾನೊಬ್ಬಳೇ, ತಾನೊಬ್ಬನೇ ಎಂದುಕೊಂಡು ಬರೆದಿದ್ದರು. ಹಾಲಿನ ಪುಡಿಯ ಡಬ್ಬಿಯಿಂದ ಬೇರೆಬೇರೆ ಕೈಬರಹದಲ್ಲಿ ಅದೇ ಹೆಸರು ಮತ್ತೆ ಮತ್ತೆ ಎದ್ದು ಬರುತ್ತಿತ್ತು. ಇಷ್ಟು ಜನರ ಮನಸ್ಸಿನಲ್ಲಿ ಒಂದೇ ಮಾತು ಇದ್ದದ್ದು ಇಷ್ಟು ದಿನ ಯಾರಿಗೂ ಗೊತ್ತೇ ಇರಲಿಲ್ಲವಲ್ಲ ಎಂದು ಅವಳಿಗೆ ಬೆರಗಾಯಿತು.

ಈರುಳ್ಳಿ ಹೆಚ್ಚುತ್ತಿದ್ದ ಅಕ್ಕನನ್ನು ಯಾರೋ ಕರೆತಂದರು. ಕೈ ಒರೆಸಿಕೊಳ್ಳುತ್ತಾ ಅವಳು ಮೆಟ್ಟಿಲ ಮೇಲೇ ನಿಂತುಬಿಟ್ಟಳು. "ನನ್ನ ಹೆಸರಾ? ನಾನು ಎಲ್ಲಿಯೂ ನಿಂತಿಲ್ಲ ಮಾರಾಯ್ರೆ!"

"ನೀವು ನಿಂತಿಲ್ಲ, ಅವರು ನಿಲ್ಲಿಸಿದ್ದಾರೆ" ಎಂದಳು ಶಮೀಲಾ.

ಆಂಥೋನಿ ಇನ್ನೊಂದು ಚೀಟಿ ಬಿಡಿಸಿದರು. "ಮೆಸ್ಸಿನ ಅಕ್ಕ."

ಲೋಕನಾಥ ಎದ್ದರು. "ಇದು ಹೆಸರಾ ಆಂಥೋನಿ? ಕ್ಯಾನ್ಸಲ್ ಮಾಡಿ."

ಆಂಥೋನಿ ಸಿಟ್ಟಾಗಲಿಲ್ಲ. "ಒಂದು ನಿಮಿಷ. ಮೆಸ್ಸಿನ ಅಕ್ಕ ಅಂದ್ರೆ ಯಾರೋ, ಎಲ್ಲರೂ ಅವರ ಕಡೆ ನೋಡಿ ಸ್ವಾಮಿ."

ಎಲ್ಲ ತಲೆಗಳೂ ಮೆಟ್ಟಿಲ ಕಡೆ ತಿರುಗಿದವು. ಲೋಕನಾಥರ ತಲೆಯೂ ತಿರುಗಿತು, ಪಾಪ. "ಒಬ್ಬರೇ. ಸಂಶಯ ಇಲ್ಲ. ಇದು ನಡೀತದೆ" ಎಂದರು ಆಂಥೋನಿ.

ಕೊನೆಯ ಚೀಟಿ. ಅದರ ದುಂಡಕ್ಷರ ಕಂಡ ಕೂಡಲೇ ರತ್ನಾವತಿಗೆ ಗುರುತು ಸಿಕ್ಕಿತು. "ಅಕ್ಕ" ಎಂದು ಓದಿದ ಆಂಥೋನಿ, ಮಗುಚಿ ನೋಡಿದರು. ಹಿಂದೆ ಏನೂ ಇರಲಿಲ್ಲ. "ಮತ್ತೊಮ್ಮೆ ನೋಡಿ. ಅಕ್ಕ ಅಂದ್ರೆ ಯಾರು?"

ಈ ಸಲ ತಲೆಗಳು ಹತ್ತು ದಿಕ್ಕಿಗೆ ತಿರುಗಿದವು. ಕೆಲವರು ಮೆಟ್ಟಿಲ ಕಡೆ ನೋಡಿದರು, ಕೆಲವರು ತಮ್ಮ ಪಕ್ಕದವಳನ್ನು ನೋಡಿದರು. ಚಾಪೆಯ ಮೇಲಿದ್ದ ಒಬ್ಬಳಂತೂ ರತ್ನಾವತಿಯ ಮುಖವನ್ನೇ ನೋಡಿದಳು. ಎಲ್ಲರೂ ಘೊಳ್ಳನೆ ನಕ್ಕರು.

ಆಂಥೋನಿ ಮಾತ್ರ ನಗಲಿಲ್ಲ. "ಬರೆದವರ ಮನಸ್ಸಿನಲ್ಲಿ ಯಾರೋ ಇದ್ದಾರೆ. ಆದ್ರೆ ಯಾರು ಅಂತ ಈ ಕಾಗದ ಹೇಳುದಿಲ್ಲ. ನಾನು ಊಹೆ ಮಾಡಿದ್ರೆ ಅದು ನನ್ನ ವೋಟಾಗ್ತದೆ." ಚೀಟಿಯನ್ನು ಬದಿಗಿಟ್ಟರು. ಉಳಿದದ್ದನ್ನು ಎರಡು ಸಲ ಎಣಿಸಿದರು. ಮುಖ ಮೇಲೆತ್ತಿ ಹೇಳಿದರು: "ಪುತ್ತಬ್ಬ ಮೂರನೆಯವರು. ಲೋಕನಾಥರಿಗೂ ಹರಿಣಾಕ್ಷಿಯವರಿಗೂ ಸಮಸಮ."

ಬದಿಗಿಟ್ಟ ಆ ಒಂದು ಚೀಟಿ! ಅದೊಂದು ಸರಿಯಿದ್ದಿದ್ದರೆ ಇಷ್ಟು ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು, ಬಸ್ಸಿನಲ್ಲಿ ತನಗೂ ಒಂದು ಸೀಟು ಇರುತ್ತಿತ್ತು. ಅದು ನನ್ನದು ಎಂದು ಕೂಗಲು ರತ್ನಾವತಿ ಎದ್ದಳು. ಶಮೀಲಾ ಅವಳ ಸೆರಗು ಹಿಡಿದು ಕೂರಿಸಿದಳು.

"ಯಾರದ್ದು ಅಂತ ಹೇಳ್ಬೇಡಿ. ಗುಟ್ಟು ಬಿಟ್ಟುಕೊಟ್ರೆ ನಾಳೆ ಎಲ್ಲರ ಗುಟ್ಟೂ ಕೇಳ್ತಾರೆ."

ಆಗ ಪುತ್ತಬ್ಬ ಟೊಪ್ಪಿ ಸರಿಮಾಡಿಕೊಂಡು ಎದ್ದರು. "ನನ್ನದು ಖಲಾಸ್. ನಾನು ಬದಿಗೆ ನಿಲ್ತೇನೆ. ಉಳಿದ ಇಬ್ಬರ ನಡುವೆ ನಾಳೆ ಬೆಳಿಗ್ಗೆ ಇನ್ನೊಮ್ಮೆ ವೋಟು ಮಾಡಿ. ಚೀಟಿಯಲ್ಲಿ ಹೆಸರು ಬೇಡ, ಖಾಲಿ ಇರ್ಲಿ. ಇಬ್ಬರಲ್ಲಿ ಒಬ್ಬರ ಹೆಸರು ಅವರವರೇ ಬರೀಲಿ. ಯಲ್ಲಾ, ನಡೀರಿ, ನನಗೂ ಹಸಿವಾಗಿದೆ."

ಆ ಸಂಜೆ ರತ್ನಾವತಿ ಮೆಸ್ಸಿನ ಅಡಿಗೆಮನೆಗೆ ಹೋದಳು. ಅಕ್ಕ ಉಳಿದಿದ್ದ ಒಂದಿಷ್ಟು ಮೈದಾವನ್ನು ಹಲಗೆಯ ಮೇಲೆ ಹರಡಿ ರೊಟ್ಟಿಗೆ ಅಣಿಮಾಡುತ್ತಿದ್ದಳು. ರತ್ನಾವತಿಗೆ ನಾಚಿಕೆಯಾಯಿತು. ಇಷ್ಟು ದಿನ ಈ ಕೈಯ ಅನ್ನ ಉಂಡಿದ್ದಳು. ಅಕ್ಕ ಎಂದರೆ ಸಾಕಾಗುತ್ತಿತ್ತು, ಹೆಸರು ಕೇಳಬೇಕೆಂದು ಒಂದು ದಿನವೂ ಹೊಳೆದಿರಲಿಲ್ಲ.

"ಅಕ್ಕ, ನಿಮ್ಮ ಹೆಸರು ಬರೆಯುದು ಹೇಗೆ?"

ಅಕ್ಕ ಅವಳನ್ನೇ ನೋಡಿದಳು. ಮೈದಾದ ಮೇಲೆ ಬೆರಳಿನಿಂದ ನಿಧಾನವಾಗಿ ಬರೆದಳು: ಹರಿಣಾಕ್ಷಿ. ರತ್ನಾವತಿ ಅದರ ಕೆಳಗೇ ತಿದ್ದಿದಳು. ಒಂದು ಸಲ, ಇನ್ನೊಂದು ಸಲ.

"ನಿನ್ನದೆಂತ ತಂಗಿ? ನಾನೂ ನಿನ್ನನ್ನು ಸಲ್ವಾದವಳು ಅಂತಲೇ ಕರೀತಿದ್ದೆ ನೋಡು" ಎಂದಳು ಹರಿಣಾಕ್ಷಿ. ಕೇಳಿ, ಅದನ್ನೂ ಪಕ್ಕದಲ್ಲಿ ಬರೆದಳು. ಆಮೇಲೆ ಇಬ್ಬರೂ ಸೇರಿ ಅದೇ ಹಿಟ್ಟನ್ನು ಕಲಸಿ ರೊಟ್ಟಿ ತಟ್ಟಿದರು.

ಮರುದಿನ ಬೆಳಿಗ್ಗೆ ಹೊದಿಕೆಯಾಚೆ ರತ್ನಾವತಿ ಪೂರ್ತಿ ಹೆಸರನ್ನೇ ಬರೆದಳು. ಎಣಿಕೆಯಲ್ಲಿ ಹೆಸರುಗಳು ಒಂದರ ಹಿಂದೆ ಒಂದು ಬಂದವು, ಲೋಕನಾಥ, ಹರಿಣಾಕ್ಷಿ, ಹರಿಣಾಕ್ಷಿ, ಲೋಕನಾಥ. ದುಂಡಕ್ಷರದ ಚೀಟಿ ಬಂದಾಗ ಆಂಥೋನಿ ಅದನ್ನು ಎತ್ತಿ ಹಿಡಿದು, ಉಳಿದವುಗಳಂತೆಯೇ, ಹೆಚ್ಚೂ ಇಲ್ಲದೆ ಕಡಿಮೆಯೂ ಇಲ್ಲದೆ ಓದಿದರು. "ಹರಿಣಾಕ್ಷಿ." ತನ್ನ ಚೀಟಿಯನ್ನು ಉಳಿದವರ ಚೀಟಿಗಳ ಪಕ್ಕದಲ್ಲೇ ಜೋಡಿಸಿಟ್ಟದ್ದನ್ನು ನೋಡಿ ರತ್ನಾವತಿಯ ಕಣ್ಣು ತುಂಬಿತು.

ಹರಿಣಾಕ್ಷಿ ಗೆದ್ದಳು. ಒಂದೇ ಒಂದು ಮತದಿಂದ.

"ಆ ಒಂದು ಯಾರದ್ದು?" ಎಂದು ಚಾಪೆಯವಳೊಬ್ಬಳು ಪಿಸುಗುಟ್ಟಿದಳು.

"ಹಾಕಿದವರೆಲ್ಲರದ್ದೂ" ಎಂದಳು ಶಮೀಲಾ. "ಯಾರೊಬ್ಬರು ಬಾರದೆ ಮಲಗಿದ್ರೂ ಅಕ್ಕ ಗೆಲ್ತಿರಲಿಲ್ಲ."

ಹೊಸ ಅಧ್ಯಕ್ಷೆ ಮೊದಲು ಹೋದದ್ದು ಲೋಕನಾಥರ ಬಳಿಗೆ. "ಲೋಕಣ್ಣ, ಪಾಸ್‌ಪೋರ್ಟ್ ಇಲ್ಲದವರಿಗೆ ಗಡಿ ದಾಟ್ಲಿಕ್ಕೆ ಏನಾದ್ರೂ ಕಾಗದ ಮಾಡಿಸ್ಬೇಕು. ನನಗೆ ಇಂಗ್ಲಿಷ್ ಬರುದಿಲ್ಲ. ನೀವು ಬರ್ಬೇಕು." ಲೋಕನಾಥ ಚಪ್ಪಲಿ ಮೆಟ್ಟಿಕೊಂಡು ಹೊರಟರು.

ಬಸ್ಸು ಬಂದ ದಿನ ಹರಿಣಾಕ್ಷಿ ಬಾಗಿಲ ಬಳಿ ನಿಂತು ಮೆಸ್ಸಿನ ಕ್ರಮವನ್ನೇ ಸ್ವಲ್ಪ ತಿದ್ದಿ ಹೇಳಿದಳು: "ಮೊದಲು ಜೊತೆಯಲ್ಲಿ ಮಕ್ಕಳಿರುವವರು. ಆಮೇಲೆ ಕಡೆಗೆ ಬಂದವರು. ನಾನು ಕೊನೆಯ ಬಸ್ಸಿಗೆ." ಮಕ್ಕಳೆಲ್ಲ ಹತ್ತಿದ ಮೇಲೆ ಅವಳು ಪೂರ್ತಿ ಹೆಸರು ಹಿಡಿದು ಕೂಗಿದಳು. "ರತ್ನಾವತಿ!"

ಲೋಕನಾಥರು ಮಾಡಿಸಿಕೊಟ್ಟ ಕಾಗದವನ್ನು ಎದೆಗೊತ್ತಿಕೊಂಡು ರತ್ನಾವತಿ ಮೆಟ್ಟಿಲು ಹತ್ತಿದಳು. ಮುಲ್ಕಿ ಬಹಳ ದೂರವಿತ್ತು. ಆದರೆ ಬಸ್ಸಿನ ಮುಖ ಆ ಕಡೆಗೇ ಇತ್ತು.

ಕೇಳಿದಿರಲ್ಲ, ಅಕ್ಕಂದಿರೇ, ಅಣ್ಣಂದಿರೇ? ನಾಳೆ ನಿಮ್ಮ ಸ್ವಸಹಾಯ ಸಂಘಕ್ಕೋ, ಹಾಲಿನ ಸೊಸೈಟಿಗೋ, ಊರ ಬಳಗಕ್ಕೋ ಅಧ್ಯಕ್ಷರನ್ನು ಆರಿಸುವ ದಿನ ಬಂದೀತು. ನನಗೆಂತ ವೋಟು ಎನ್ನಬೇಡಿ. ಚೀಟಿಯಲ್ಲಿ ಖಾಲಿ ಗೆರೆ ಉಂಟೋ, ಅಲ್ಲಿ ಹೆಸರು ಬರೆಯಬಹುದೋ ಎಂದು ಮೊದಲೇ ನಿಯಮ ಕೇಳಿ ತಿಳಿದುಕೊಳ್ಳಿ. ಸರ್ಕಾರಿ ಚುನಾವಣೆಯಲ್ಲಿ ಹೆಸರು ಬರೆಯುವಂತಿಲ್ಲ, ಅಲ್ಲಿ ಹೇಗೆ ಮತ ಹಾಕಬೇಕೆಂದು ಹೇಳುತ್ತಾರೋ ಹಾಗೆಯೇ ಹಾಕಿ. ಬರೆಯಲು ಅವಕಾಶ ಇರುವಲ್ಲಿ, ಓದಿದವರೆಲ್ಲ ಒಬ್ಬರ ಕಡೆಗೇ ತಿರುಗುವ ಹಾಗೆ ಪೂರ್ತಿ ಹೆಸರು ಬರೆಯಿರಿ. ನಿಮ್ಮ ಕೇರಿಯಲ್ಲೂ ಕಡೆಗೆ ಬಂದವರಿಗೆ ಮೊದಲು ಬಡಿಸುವ ಒಬ್ಬರು ಇದ್ದೇ ಇರುತ್ತಾರೆ. ಅವರ ಹೆಸರು ನಿಮಗೆ ಗೊತ್ತುಂಟೇ? ಗೊತ್ತಿಲ್ಲದಿದ್ದರೆ ಇವತ್ತೇ ಹೋಗಿ ಕೇಳಿ. ಹಾಗೆಯೇ ನಿಮ್ಮ ಹೆಸರನ್ನೂ ಹೇಳಿ ಬನ್ನಿ.