ಗುಂಡುವಿನ ಹೊಟ್ಟೆಯಲ್ಲಿ ಕೂದಲು

ಗುಂಡು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡಾಗ ಅಜ್ಜಿಯ ಎರಡು ಕೈ ತುಂಬ ಕೂದಲಿತ್ತು. ಒಂದೊಂದೇ ಹಿಡಿಯನ್ನು ಉಕ್ಕಿನ ಹಲ್ಲಿನ ಹಲಗೆಗೆ ಸಿಕ್ಕಿಸಿ ಎಳೆಯುತ್ತಿದ್ದಳು. ಉದ್ದದ್ದು ಬಲಕ್ಕೆ, ಗಿಡ್ಡದ್ದು ಎಡಕ್ಕೆ, ಬುಡವೆಲ್ಲ ಒಂದೇ ಕಡೆಗೆ. ಬೋಳುತಲೆಯವರಿಗೆ ಟೋಪನ್ ಮಾಡುವ ಮನೆ ಅದು. ಅಜ್ಜಿಯ ಮಗ, ಗುಂಡುವಿನ ಅಪ್ಪ, ಕಿಟಕಿಯ ಬೆಳಕಿಗೆ ಕೂತು ಸಣ್ಣ ಬಲೆಗೆ ಎಳೆ ಎಳೆಯಾಗಿ ಗಂಟು ಹಾಕುತ್ತಿದ್ದ.

"ಇವತ್ತೂನಾ ಅಮ್ಮಾ?" ಎಂದ ಅವನು ತಲೆ ಎತ್ತಿ.

"ಜಂತುಹುಳದ ಕಾಟ. ಹೋಗುತ್ತೆ ಬಿಡು."

ಅಜ್ಜಿ ಎದ್ದು ಮೊಮ್ಮಗಳ ಬಾಯಿ ಒರೆಸಿದಳು. ನೆಲಕ್ಕೆ ನೀರು ಸುರಿಯುವಾಗ ವಾಂತಿಯಲ್ಲಿ ಎರಡು ಕಪ್ಪು ಎಳೆ ಕಂಡವು. ಬೇರೆಯವರ ಮನೆಯಾಗಿದ್ದರೆ ಗಾಬರಿಯಾಗುತ್ತಿತ್ತೇನೋ. ಈ ಮನೆಯಲ್ಲಿ ಊಟದಲ್ಲಿ ಕೂದಲು, ಹಾಸಿಗೆಯಲ್ಲಿ ಕೂದಲು, ಕುಡಿಯುವ ನೀರಿನ ಲೋಟದಲ್ಲೂ ಕೂದಲು. ಅನುಮಾನ ಯಾರಿಗೆ ಬರಬೇಕು?

ಹುಟ್ಟಿದಾಗ ಗುಂಡಗಿದ್ದಳೆಂದು ಅವಳಿಗೆ ಆ ಹೆಸರು ಹಿಡಿದಿತ್ತು. ಈಗ ಪಕ್ಕೆಲುಬು ಎಣಿಸಬಹುದಿತ್ತು. ಹೋದ ವರ್ಷ ಅವಳಮ್ಮ ಜ್ವರ ಬಂದು ತೀರಿಕೊಂಡಳು. ಕಣ್ಣೆದುರಿಗಿದ್ದರೆ ಮಗು ಕೊರಗುತ್ತದೆಂದು ಅಜ್ಜಿ ಸೊಸೆಯ ಬಟ್ಟೆ, ಬಾಚಣಿಗೆ, ಫೋಟೋ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿಟ್ಟಳು. ಗುಂಡುವಿನ ಕಣ್ಣು ತುಂಬಿತೆಂದರೆ, "ಜಾಣೆ ಅಲ್ವಾ ನೀನು, ಅಳಬಾರದು" ಅನ್ನುತ್ತಿದ್ದಳು. ಗುಂಡು ಅಳಲೇ ಇಲ್ಲ. ಎಂಥ ಗಟ್ಟಿ ಮಗು ಎಂದು ಬೀದಿಯವರೆಲ್ಲ ಹೊಗಳಿದರು.

ಆ ಹೊತ್ತಿಗೆ ಪಕ್ಕದ ಬೀದಿಯ ನರ್ಸಕ್ಕ ಬಂದಳು. ಮಗುವನ್ನು ಮಲಗಿಸಿ ಹೊಟ್ಟೆ ಮುಟ್ಟಿದವಳ ಮುಖ ಸಣ್ಣದಾಯಿತು.

"ಅಜ್ಜಿ, ಇಲ್ಲಿ ಮುಟ್ಟಿ ನೋಡಿ. ಕಲ್ಲಿದ್ದ ಹಾಗಿದೆ."

"ಗಾಳಿ ಕಣೆ. ಹರಳೆಣ್ಣೆ ಕುಡಿಸಿದೀನಿ."

"ಹರಳೆಣ್ಣೆಗೆ ಬಗ್ಗೋ ಗಾಳಿ ಅಲ್ಲ ಇದು. ದೊಡ್ಡಾಸ್ಪತ್ರೆಗೆ ಹೊರಡಿ."

"ಆಗಲೇ ಇಬ್ಬರು ಡಾಕ್ಟರು ನೋಡಿಯಾಯ್ತಲ್ಲ!"

"ಮೂರನೆಯವರೂ ನೋಡಲಿ. ನೋಡಿದ್ರೆ ಅವರ ಕಣ್ಣೇನು ಸವೆದುಹೋಗುತ್ತಾ?"

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಯಾರೂ ಮಾಡದ ಕೆಲಸವೊಂದನ್ನು ಮಾಡಿದರು. ಗುಂಡುವಿನ ಜಡೆ ಬಿಚ್ಚಿದರು. ಕಿವಿಯ ಹಿಂದೆ ಅಂಗೈಯಗಲ ಬೋಳಾಗಿತ್ತು.

"ಕೂದಲು ಬಾಯಿಗೆ ಹಾಕ್ಕೋತೀಯಾ ಪುಟ್ಟಾ?"

ಗುಂಡು ನೆಲ ನೋಡುತ್ತಾ ಹೂಂ ಎಂದು ತಲೆಯಾಡಿಸಿದಳು.

"ಅಯ್ಯೋ ನಿನ್ನ! ತಿನ್ನೋಕೆ ಬೇರೇನೂ ಸಿಗಲಿಲ್ವೇನೇ?" ಅಜ್ಜಿ ಕೈ ಎತ್ತಿದಳು.

"ಬೈಬೇಡಿ ಅಜ್ಜಿ. ಇದು ಕೊಬ್ಬಲ್ಲ, ಕಾಯಿಲೆ," ಎಂದರು ಡಾಕ್ಟರಮ್ಮ. "ಕೂದಲು ಅರಗಲ್ಲ. ಒಂದಕ್ಕೊಂದು ಸುತ್ತಿಕೊಂಡು ಉಂಡೆ ಕಟ್ಟುತ್ತೆ. ಊಟಕ್ಕೆ ಜಾಗ ಇಲ್ಲದ ಹಾಗಾಗುತ್ತೆ. ಹಾಗೇ ಬಿಟ್ಟರೆ ಕರುಳು ಕಟ್ಟಿಕೊಳ್ಳಬಹುದು, ಹೊಟ್ಟೆ ತೂತೂ ಬೀಳಬಹುದು."

ಸ್ಕ್ಯಾನ್ ಆಯಿತು. ಬಾಯಿಂದ ಕ್ಯಾಮೆರಾ ಇರುವ ಸಣ್ಣ ನಳಿಗೆ ಬಿಟ್ಟೂ ನೋಡಿದರು. ಉಂಡೆ ತೀರಾ ದೊಡ್ಡದು, ಬಾಯಿಂದ ಎಳೆಯಲು ಬಾರದು, ಹೊಟ್ಟೆ ಕೊಯ್ದೇ ತೆಗೆಯಬೇಕು ಎಂದರು. "ಮಗು ಉಳಿಯುತ್ತಾ?" ಎಂದ ಗುಂಡುವಿನ ಅಪ್ಪ.

"ಅಪರೂಪದ ಕಾಯಿಲೆ ನಿಜ. ಆದರೆ ದಾರಿ ಗೊತ್ತಿರೋ ಕಾಯಿಲೆ. ಧೈರ್ಯ ತಂದ್ಕೊಳ್ಳಿ," ಎಂದರು ಡಾಕ್ಟರಮ್ಮ.

ಆಪರೇಷನ್ ಆಯಿತು. ಉಂಡೆ ಜಠರದ ಅಚ್ಚಿನಲ್ಲೇ ಹೊರಗೆ ಬಂತಂತೆ. ಅದರ ಬಾಲ ಸಣ್ಣ ಜಡೆಯ ಹಾಗೆ ಕರುಳಿಗೆ ಇಳಿದಿತ್ತಂತೆ. ಚೂರೂ ಉಳಿಯಬಾರದೆಂದು ಕರುಳನ್ನೆಲ್ಲ ಮುಟ್ಟಿ ನೋಡಿಯೇ ಹೊಲಿಗೆ ಹಾಕಿದರಂತೆ.

ಮೊದಲ ಸಲ ಗುಟುಕು ನೀರು ಕುಡಿಯಲು ಬಿಟ್ಟಾಗ ಗುಂಡು ಲೋಟ ಕೆಳಗಿಟ್ಟು ಕೇಳಿದಳು.

"ಅಜ್ಜಿ, ಅಮ್ಮನ ಕೂದಲು ಎಸೆದುಬಿಟ್ರಾ?"

"ಯಾವ ಕೂದಲೇ?"

"ಬಾಚಣಿಗೇಲಿ ಇದ್ದದ್ದು. ಪೆಟ್ಟಿಗೆ ತೆಗೆದು ತಿಂದೆ. ನೀನು ಬಾಚಣಿಗೆ ಎಸೀತೀಯ ಅಂತ. ಅದು ಮುಗಿದ ಮೇಲೆ ನಂದು."

ಅಜ್ಜಿ ಸೆರಗು ಬಾಯಿಗೆ ತುರುಕಿಕೊಂಡು ಹೊರಗೆ ಬಂದಳು. ಆಯಸ್ಸಿಡೀ ಕೂದಲು ಆರಿಸಿದ ಕೈ. ಸೊಸೆಯ ಕೂದಲು ಎಷ್ಟುದ್ದವಿತ್ತೆಂದು ಆ ಕೈಗೆ ಚೆನ್ನಾಗಿ ಗೊತ್ತಿತ್ತು.

ಕೊಯ್ದಷ್ಟಕ್ಕೇ ಮುಗಿಯಲಿಲ್ಲ. ಮನಸ್ಸಿನ ಚಿಕಿತ್ಸೆ ಕೊಡುವವರ ಹತ್ತಿರ ಮಗುವನ್ನು ತಪ್ಪದೆ ಕರೆತನ್ನಿ, ಇಲ್ಲದಿದ್ದರೆ ಉಂಡೆ ಮತ್ತೆ ಕಟ್ಟಬಹುದು ಎಂದರು ಡಾಕ್ಟರಮ್ಮ. ಅಪ್ಪ ಕರೆದೊಯ್ದ. ಸೊಸೆಯ ಫೋಟೋ ಗೋಡೆಗೆ ಬಂತು. ಗುಂಡು ಅಮ್ಮನಿಗಾಗಿ ಮೊದಲ ಸಲ ಗೋಳೋ ಎಂದು ಅತ್ತಳು. ಅಜ್ಜಿ ಸುಮ್ಮನಿರೆನ್ನಲಿಲ್ಲ.

ಆದರೆ ಒಂದು ಕೆಲಸ ಉಳಿದೇ ಇತ್ತು. ಡಾಕ್ಟರಮ್ಮ ಮನೆಗೆ ಕಳಿಸುವಾಗ ಕೇಳಿದ್ದರು, "ಹೆಸರು, ಮುಖ ಯಾವುದೂ ಇಲ್ಲದೆ ಇವಳ ವಿಷಯ ಬರೀತೀವಿ. ಬೇರೆ ಡಾಕ್ಟರು ಓದಲಿ ಅಂತ. ಒಪ್ಪಿಗೆ ಅಂತ ಒಂದು ಪತ್ರ ಬರೆದು ಕಳಿಸ್ತೀರಾ?" ಅಜ್ಜಿ ಹೂಂ ಅಂದು ಬಂದಿದ್ದಳು. ಪತ್ರ ಮಾತ್ರ ಹೋಗಲಿಲ್ಲ. ಮಗ ಬರೆಯಲು ಕೂತರೆ ಏನಾದರೊಂದು ಕೆಲಸ ಹೇಳಿ ಎಬ್ಬಿಸುತ್ತಿದ್ದಳು. ಟೋಪನ್ ಕೊಳ್ಳಲು ಬಂದವನೊಬ್ಬ, "ಕೂದಲಿಗೆ ಉಪ್ಪು ಖಾರ ಹಾಕ್ತೀರೋ, ಹಾಗೇ ತಿಂತೀರೋ?" ಎಂದು ಹಲ್ಲು ಕಿರಿದಿದ್ದ. ಆ ಮಾತು ಎದೆಯಲ್ಲಿ ಮುರಿದ ಸೂಜಿಯಾಗಿತ್ತು.

"ಊರಿಗೆಲ್ಲ ಸಾರಬೇಕೇನೇ?" ಪತ್ರ ಹೋಯಿತೇ ಎಂದು ಕೇಳಿದ ನರ್ಸಕ್ಕನ ಮೇಲೆ ಅಜ್ಜಿ ಹರಿಹಾಯ್ದಳು. "ಜೀವ ಉಳೀತು, ಸಾಕು."

"ಹೇಗೆ ಉಳೀತು ಅಜ್ಜಿ? ಜಡೆ ಬಿಚ್ಚಿ ನೋಡಬೇಕು ಅಂತ ಡಾಕ್ಟರಮ್ಮನಿಗೆ ಹೇಗೆ ಹೊಳೀತು?"

"ಓದಿದವರಪ್ಪ. ಹೊಳೀತು."

"ನಾನು ಕೇಳಿದೆ. ಕಲಿಯೋವಾಗ ಒಂದು ಹುಡುಗಿ ವಿಷಯ ಓದಿದ್ದರಂತೆ. ಯಾವ ಊರವಳೋ. ಅವಳ ಕಿವಿ ಹಿಂದೇನೂ ಹೀಗೇ ಇತ್ತಂತೆ, ಯಾರೂ ನೋಡಿರಲಿಲ್ಲ. ಆ ಮಗು ಉಳೀಲಿಲ್ಲ."

ಅಜ್ಜಿ ಕೈಯಲ್ಲಿದ್ದ ಕೂದಲ ಹಿಡಿಯನ್ನು ಕೆಳಗಿಟ್ಟಳು.

"ಆ ಹುಡುಗಿ ವಿಷಯ ಬರೀರಿ ಅಂತ ಯಾರು ಹೇಳಿದರು?"

"ಅವಳಮ್ಮ."

"ಮಗೂನ ಕಳ್ಕೊಂಡೂ ಹೇಳಿದಳಾ?"

"ಹೇಳಿದಳು ಅಜ್ಜಿ."

ಅಜ್ಜಿ ಗುಂಡುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. "ನಿನ್ನ ವಿಷಯ ಡಾಕ್ಟರಮ್ಮ ಬರೀಬಹುದೇನೇ ಕಂದಾ? ನೀನು ಬೇಡ ಅಂದ್ರೆ ಬೇಡ."

"ಬರೀಲಿ," ಎಂದಳು ಗುಂಡು. "ಹುಚ್ಚು ಅಂತ ಮಾತ್ರ ಬರೀಬಾರದು."

"ಮತ್ತೇನಂತ ಬರೀಬೇಕು?"

"ಅಮ್ಮ ಬೇಕಿತ್ತು ಅಂತ."

ಅಪ್ಪ ಒಪ್ಪಿಗೆಯ ಪತ್ರದಲ್ಲಿ ಹಾಗೆಯೇ ಬರೆದ. ಎರಡು ಸಲ ಕಣ್ಣು ಮಂಜಾಗಿ ನಿಲ್ಲಿಸಬೇಕಾಯಿತು.

ಇದನ್ನು ಓದುವ, ಕೇಳುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮಗು ಕೂದಲು ಕೀಳುತ್ತಿದ್ದರೆ, ನುಂಗುತ್ತಿದ್ದರೆ ಬೈದು ಬಚ್ಚಿಡಬೇಡಿ. ಎರಡು ತುತ್ತಿಗೆ ಹೊಟ್ಟೆ ತುಂಬಿತೆಂದರೆ, ಮೇಲಿಂದ ಮೇಲೆ ವಾಂತಿಯಾದರೆ, ಮೈ ಇಳಿದರೆ, ಹೊಟ್ಟೆಯಲ್ಲಿ ಏನಾದರೂ ಗಟ್ಟಿಯಾಗಿ ಕೈಗೆ ಸಿಕ್ಕರೆ ಎಣ್ಣೆ ಕುಡಿಸುತ್ತಾ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಕೂದಲಿನ ವಿಷಯವನ್ನು ನಾಚದೆ ಹೇಳಿ. ಆಪರೇಷನ್ ಆದ ಮೇಲೆ ಮನಸ್ಸಿನ ಚಿಕಿತ್ಸೆ ನಡುವೆ ಬಿಡಬೇಡಿ. ಮನೆಯಲ್ಲಿ ಸಾವಾದರೆ ಮಕ್ಕಳನ್ನು ಅಳಲು ಬಿಡಿ, ಅವರ ಜೊತೆ ನೀವೂ ಅಳಿ.

ಅಜ್ಜಿ ಆ ಪತ್ರವನ್ನು ಯಾರ ಕೈಗೂ ಕೊಡಲಿಲ್ಲ. ಮಂಡಿನೋವನ್ನು ಬೈದುಕೊಳ್ಳುತ್ತಾ ತಾನೇ ಅಂಚೆ ಕಚೇರಿಗೆ ನಡೆದಳು. ಡಬ್ಬಿಯ ಬಾಯಿಗೆ ಕವರು ತೂರಿಸಿ ಒಂದು ಗಳಿಗೆ ಹಿಡಿದೇ ನಿಂತಳು. ಹಿಂದೆ ನಿಂತಿದ್ದವನು, "ಬೇಗ ಹಾಕಜ್ಜಿ," ಎಂದ.

"ಹಾಕ್ತೀನಿ ಇರಪ್ಪ," ಎಂದು ಅಜ್ಜಿ ಕೈ ಬಿಟ್ಟಳು.